ಐಸ್‌ಲ್ಯಾಂಡಿನಲ್ಲಿ ಇಡ್ಲಿ ಹೂತ ಕಥೆ

ಟೂರ್ ಕಂಪನಿಯಲ್ಲಿ ಅಡುಗೆಯವನಾಗಿದ್ದೆ ಎಂದರೆ ಹುಡುಗರ ಕಣ್ಣು ಅರಳುತ್ತದೆ. ಅಡುಗೆ ಕೆಲಸಕ್ಕೆ ಹೊಸದಾಗಿ ಸೇರಿದವರು ಜಯನಗರದ ಕಲ್ಯಾಣ ಮಂಟಪಗಳಲ್ಲಿ ಸಿಕ್ಕಾಗ ಕೇಳುವ ಮೊದಲ ಪ್ರಶ್ನೆ ಒಂದೇ. "ಅಂಕಲ್, ನೀವು ಪ್ಯಾರಿಸ್ ನೋಡಿದ್ದೀರಂತೆ, ಹೌದಾ?" ಹೌದು, ನೋಡಿದ್ದೇನೆ. ಪ್ಯಾರಿಸ್ಸಿನ ಹೊರವಲಯದ ಒಂದು ಹೋಟೆಲಿನ ಹಿಂಬಾಗಿಲು, ಅದರ ಪಕ್ಕದ ಕಸದ ಡಬ್ಬಿ, ನನಗೆ ಒಲೆ ಹೂಡಲು ಬಿಟ್ಟುಕೊಟ್ಟ ಲಾಂಡ್ರಿ ಕೋಣೆ, ಇಷ್ಟನ್ನೂ ಕಣ್ತುಂಬ ನೋಡಿದ್ದೇನೆ. ಆ ಪ್ರಸಿದ್ಧ ಕಬ್ಬಿಣದ ಗೋಪುರವೂ ಬಸ್ಸಿನ ಕಿಟಕಿಯಲ್ಲಿ ಕಂಡಿತ್ತು. ಆಗ ನನ್ನ ತೊಡೆಯ ಮೇಲೆ ಸಾರಿನ ಪಾತ್ರೆ ಇದ್ದುದರಿಂದ ಹೆಚ್ಚು ಹೊತ್ತು ಕತ್ತು ತಿರುಗಿಸಲಾಗಲಿಲ್ಲ.

ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಹೊಸಬರಿಗೆ ಯಾರೂ ಹೇಳುವುದಿಲ್ಲ. ಬಡ್ತಿಯ ವಿಚಾರ ಬಿಡಿ. ಇಪ್ಪತ್ತೆರಡು ವರ್ಷದಲ್ಲಿ ನನಗೆ ಸಿಕ್ಕ ಬಡ್ತಿ ಎಂದರೆ ಬ್ಯಾಡ್ಜಿನ ಮೇಲೆ ‘ಕುಕ್’ ಎಂದಿದ್ದದ್ದು ‘ಸೀನಿಯರ್ ಕುಕ್’ ಆದದ್ದು. ಸೌಟು ಮಾತ್ರ ಅದೇ. ನಾನು ಮಾಡಿದ ಎಡವಟ್ಟುಗಳನ್ನು ಹೇಳಿದರೆ ನಿಮಗೆ ಹೆಚ್ಚು ಉಪಯೋಗವಾದೀತು.

ನಾನು ಬನಶಂಕರಿಯ ಒಂದು ಛತ್ರದಲ್ಲಿ ಮದುವೆ ಅಡುಗೆ ಮಾಡಿಕೊಂಡಿದ್ದವನು. ಒಂದು ನಿಶ್ಚಿತಾರ್ಥದಲ್ಲಿ ನನ್ನ ಮೆಂತ್ಯದ ಹುಳಿ ಉಂಡ ರಂಗನಾಥ್ ಎಂಬುವರು ಕೈ ತೊಳೆದುಕೊಂಡು ನೇರ ಅಡುಗೆಮನೆಗೇ ಬಂದರು. ಅವರು ಜಯನಗರದಲ್ಲಿ ಟೂರ್ ಕಂಪನಿ ನಡೆಸುತ್ತಿದ್ದರು.

"ಭಟ್ರೇ, ನಿಮ್ಮತ್ರ ಪಾಸ್‌ಪೋರ್ಟ್ ಇದೆಯಾ?"

"ರೇಷನ್ ಕಾರ್ಡ್ ಇದೆ ಸಾರ್," ಎಂದೆ.

ಅವರ ಲೆಕ್ಕಾಚಾರ ಸರಳವಾಗಿತ್ತು. ನಮ್ಮ ಜಯನಗರ, ಗಿರಿನಗರದ ಜನ ಮೊದಲ ದಿನ ವಿದೇಶದ ಬ್ರೆಡ್ಡನ್ನು ಕುತೂಹಲದಿಂದ ತಿನ್ನುತ್ತಾರೆ, ಎರಡನೆಯ ದಿನ ಸಹನೆಯಿಂದ ತಿನ್ನುತ್ತಾರೆ, ಮೂರನೆಯ ದಿನ ಟೂರ್ ಮ್ಯಾನೇಜರನ್ನೇ ತಿನ್ನುತ್ತಾರೆ. ಆ ಮೂರನೆಯ ದಿನಕ್ಕೆ ಅನ್ನ, ಸಾರು, ಹಪ್ಪಳ ಹಿಡಿದು ಒಬ್ಬ ನಿಂತಿರಬೇಕು. ಹಾಗೆ ನಿಲ್ಲುವುದಕ್ಕೆ ನನ್ನನ್ನು ಕರೆದರು.

ಮೊದಲ ಪಾಠ ವಿಮಾನ ನಿಲ್ದಾಣದಲ್ಲೇ ಆಯಿತು. ನನ್ನ ಟ್ರಂಕಿನಲ್ಲಿದ್ದ ಗಟ್ಟಿ ಇಂಗಿನ ವಾಸನೆಗೆ ಅಲ್ಲಿನ ಪೊಲೀಸ್ ನಾಯಿ ಬಂದು ಕೂತಿತು. ನಾಯಿ ಕೂತರೆ ಪೆಟ್ಟಿಗೆಯಲ್ಲಿ ಏನೋ ಇದೆ ಎಂದರ್ಥವೆಂದು ನನಗೆ ಗೊತ್ತಿರಲಿಲ್ಲ. ಪಾಪ, ದಣಿದಿದೆ ಎಂದುಕೊಂಡು ಒಂದು ಕೋಡುಬಳೆ ಹಾಕಿದೆ. ಎರಡು ಗಂಟೆ ಕಾಲ ಒಂದು ಕೋಣೆಯಲ್ಲಿ ಕೂರಿಸಿ ಪುಳಿಯೋಗರೆ ಗೊಜ್ಜಿನ ಬಗ್ಗೆ ವಿಚಾರಣೆ ಮಾಡಿದರು. ಆಮೇಲಿಂದ ಇಂಗನ್ನು ಮೂರು ಡಬ್ಬಿಯೊಳಗೆ ಹಾಕಿ ಒಯ್ಯುವುದನ್ನು ಕಲಿತೆ. ನಾಯಿಗಳಿಗೆ ಏನನ್ನೂ ಕೊಡಬಾರದೆಂಬುದನ್ನೂ ಕಲಿತೆ.

ಎರಡನೆಯದು ಸ್ವಿಟ್ಜರ್ಲೆಂಡಿನಲ್ಲಿ. ಬೆಳಿಗ್ಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದೆ, ಬ್ಯಾಡಗಿ ಮೆಣಸಿನಕಾಯಿ ಚಟಪಟ ಎಂದಿತು, ಅಷ್ಟರಲ್ಲಿ ತಲೆಯ ಮೇಲೆ ಗಂಟೆ ಬಡಿಯತೊಡಗಿತು. ಐದು ಮಹಡಿಯ ಜನ ಬಾತ್‌ರೋಬಿನಲ್ಲೇ ರಸ್ತೆಗೆ ಬಂದು ನಿಂತರು. ಅಗ್ನಿಶಾಮಕ ದಳದವರು ಶಿರಸ್ತ್ರಾಣ ತೊಟ್ಟು ಒಳಗೆ ನುಗ್ಗಿ, ಕೆಮ್ಮುತ್ತ ಹೊರಗೆ ಬಂದರು. ರಂಗನಾಥ್ ಸಾರ್ ಫೋನಿನಲ್ಲಿ ನನಗೆ ಹಾಕಿದ ಒಗ್ಗರಣೆಗೆ ಹೋಲಿಸಿದರೆ ನನ್ನದು ಏನೂ ಅಲ್ಲ. ಮುಂದಿನ ಟೂರಿನಿಂದ ಒಗ್ಗರಣೆಯನ್ನು ಬೆಂಗಳೂರಿನಲ್ಲೇ ಮಾಡಿ ಬಾಟಲಿಗೆ ತುಂಬಿ ಒಯ್ಯುವ ಪದ್ಧತಿ ಜಾರಿಗೆ ತಂದೆ. ಇಂದಿಗೂ ಬೇರೆ ಕಂಪನಿಯವರು ಅದನ್ನು ತಮ್ಮ ಶೋಧ ಎಂದು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ.

ಹೀಗೆ ಒಂದೊಂದು ದೇಶದಲ್ಲಿ ಒಂದೊಂದು ಬೈಗುಳ ತಿಂದು ಕೆಲಸ ಕಲಿತೆ. ನಮ್ಮ ಜನ ಎಲ್ಲೆಲ್ಲಿಗೆ ಹೋದರೋ ಅಲ್ಲೆಲ್ಲ ನನ್ನ ಸಾರೂ ಹೋಯಿತು. ಅಷ್ಟರಲ್ಲಿ ಪ್ಯಾಕೆಟ್ ಬಂತು.

ಪ್ಯಾಕೆಟ್ ಎಂದರೆ ನಿಮಗೆ ಗೊತ್ತೇ ಇದೆ. ಬಿಸಿಬೇಳೆಬಾತ್, ಉಪ್ಪಿಟ್ಟು, ಅವಲಕ್ಕಿ ಎಲ್ಲವೂ ಒಣಗಿ ಪುಡಿಯಾಗಿ ಒಂದು ಬಟ್ಟಲಿನಲ್ಲಿ ಕೂತಿರುತ್ತದೆ. ಮೇಲಿನ ಹಾಳೆ ಕಿತ್ತು, ಕುದಿನೀರು ಸುರಿದು, ಎಂಟು ನಿಮಿಷ ಮುಚ್ಚಿಟ್ಟರೆ ಊಟ ಸಿದ್ಧ. ಟ್ರಂಕು ಬೇಡ, ಒಲೆ ಬೇಡ, ನಾಯಿ ಬೇಡ, ಭಟ್ಟ ಬೇಡ.

ಐಸ್‌ಲ್ಯಾಂಡ್ ಟೂರಿಗೆ ಒಂದು ವಾರ ಮುಂಚೆ ರಂಗನಾಥ್ ಸಾರ್ ಕಚೇರಿಗೆ ಕರೆಸಿದರು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ಒರೆಸಿಕೊಳ್ಳುತ್ತಾರೆ. ಅಂದು ಬಹಳ ಹೊತ್ತು ಒರೆಸಿಕೊಂಡರು.

"ಭಟ್ರೇ, ಸುತ್ತಿ ಬಳಸಿ ಹೇಳಲ್ಲ. ಈ ಸಲ ಟ್ರಂಕೂ ಹೋಗುತ್ತೆ, ಪ್ಯಾಕೆಟ್ಟೂ ಹೋಗುತ್ತೆ. ಯಾವ್ದು ಬೇಕು ಅಂತ ಸವಿತಾ ರಿಪೋರ್ಟ್ ಕೊಡ್ತಾಳೆ. ಅವಳು ಪ್ಯಾಕೆಟ್ ಸಾಕು ಅಂದ್ರೆ ಮುಂದಿನ ಸೀಸನ್ನಿಂದ ಅಡುಗೆಯವರು ಇಲ್ಲ. ಬೇಜಾರ್ ಮಾಡ್ಕೋಬೇಡಿ."

ಬೇಜಾರು ಮಾಡಿಕೊಂಡೆ. ಗಿರಿನಗರದ ನನ್ನ ಮನೆಗೆ ಹೋಗುವ ದಾರಿಯುದ್ದಕ್ಕೂ ಮಾಡಿಕೊಂಡೆ. ನಾನು ಹಠವಾದಿ. ನನ್ನ ಹೆಂಡತಿ ಅದಕ್ಕೆ ಬೇರೆ ಪದ ಬಳಸುತ್ತಾಳೆ. ಮನೆ ಮುಟ್ಟುವಷ್ಟರಲ್ಲಿ ನನಗೆ ಒಂದು ವಿಷಯ ಹೊಳೆದಿತ್ತು. ಪ್ಯಾಕೆಟ್ಟಿನಲ್ಲಿ ಎಲ್ಲ ಬರುತ್ತದೆ, ಬಿಸಿ ಇಡ್ಲಿ ಬರುವುದಿಲ್ಲ. ಐಸ್‌ಲ್ಯಾಂಡಿನ ಚಳಿಯಲ್ಲಿ ಹಬೆಯಾಡುವ ಮಲ್ಲಿಗೆಯಂಥ ಇಡ್ಲಿ ಬಡಿಸಿದರೆ ಯಾವ ರಿಪೋರ್ಟು ಏನು ಮಾಡೀತು? ಇಡ್ಲಿ ತಟ್ಟೆಗಳನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಂಡೆ.

ಸವಿತಾ ನಮ್ಮ ಟೂರ್ ಮ್ಯಾನೇಜರ್. ಗದಗಿನ ಕಡೆಯ ಹುಡುಗಿ, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಕೋಣೆ. ವಯಸ್ಸು ನನ್ನ ಅರ್ಧವೂ ಇಲ್ಲ, ಆದರೆ ಗಡಿಯಾರ ನೋಡುವುದರಲ್ಲಿ ನನಗಿಂತ ನೂರು ವರ್ಷ ದೊಡ್ಡವಳು. ವಿಮಾನ ಹತ್ತುವ ಮೊದಲೇ ನನ್ನ ಟ್ರಂಕನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಭಟ್ರ, ನಾ ಯಾರ ಪಾರ್ಟಿನೂ ಅಲ್ರಿ. ಕಂಡಿದ್ದು ಬರೀತೀನಿ. ಆದ್ರ ಟೈಮಿಗೆ ತಿಂಡಿ ಆಗಬೇಕ್ರಿ," ಎಂದಳು. ಹುಡುಗಿ ನೇರ ಮಾತಿನವಳೆಂದು ಆಗಲೇ ತಿಳಿಯಿತು. ನೇರ ಮಾತಿನವರ ಕೈಲಿ ಕೆಲಸ ಮಾಡುವುದು ಕಷ್ಟ, ಆದರೆ ನಿದ್ದೆ ಚೆನ್ನಾಗಿ ಬರುತ್ತದೆ.

ನಿದ್ದೆ ಎಂದೆ. ಐಸ್‌ಲ್ಯಾಂಡಿನಲ್ಲಿ ಜೂನ್ ತಿಂಗಳಲ್ಲಿ ಕತ್ತಲೆಯೇ ಆಗುವುದಿಲ್ಲ. ನಮ್ಮ ಇಪ್ಪತ್ತಾರು ಜನರ ಗುಂಪಿನಲ್ಲಿ ಅರ್ಧ ಜನಕ್ಕೆ ರಾತ್ರಿ ಊಟ ಯಾವಾಗ, ಮಾತ್ರೆ ಯಾವಾಗ, ಮಲಗುವುದು ಯಾವಾಗ ಎಂಬುದೇ ಗೊಂದಲವಾಯಿತು. ಎಲ್ಲರಿಗಿಂತ ಹೆಚ್ಚು ಗೊಂದಲ ಪದ್ಮಮ್ಮನವರದು. ಎಪ್ಪತ್ತನಾಲ್ಕು ವರ್ಷದ ಪದ್ಮಮ್ಮ ಗಿರಿನಗರದವರೇ, ನನ್ನ ಮನೆಯಿಂದ ಮೂರನೇ ಕ್ರಾಸ್. ಮೊಮ್ಮಗಳಿಗೆ ತಿಮಿಂಗಿಲದ ವಿಡಿಯೋ ತೆಗೆದುಕೊಂಡು ಬರುತ್ತೇನೆಂದು ಮಾತು ಕೊಟ್ಟು ಒಬ್ಬರೇ ಹೊರಟು ಬಂದಿದ್ದರು. ಮೊದಲ ದಿನವೇ ಸ್ನಾನ ಮಾಡಿ ಬಂದವರು ನನ್ನನ್ನು ಪಕ್ಕಕ್ಕೆ ಕರೆದರು.

"ಭಟ್ರೇ, ಸ್ನಾನದ ನೀರಿಗೆ ಇವ್ರು ಮೊಟ್ಟೆ ಒಡೆದು ಹಾಕಿದ್ದಾರಾ? ಮೈಯೆಲ್ಲ ವಾಸ್ನೆ."

ಆ ದೇಶದಲ್ಲಿ ಬಿಸಿನೀರನ್ನು ಯಾರೂ ಕಾಯಿಸುವುದಿಲ್ಲ. ನೆಲದೊಳಗಿನ ಬೆಂಕಿಯೇ ಕಾಯಿಸಿ ಕಳಿಸುತ್ತದೆ. ಗಂಧಕದ ವಾಸನೆ ಜೊತೆಗೇ ಬರುತ್ತದೆ. ಹೀಗೆಂದು ನಮ್ಮ ಬಸ್ಸಿನ ಚಾಲಕ ಯೋನ್ ವಿವರಿಸಿದ. ಕೆಂಪು ಗಡ್ಡದ, ಎತ್ತರದ, ಸಾವಧಾನದ ಮನುಷ್ಯ. ಚಾಲಕನೂ ಅವನೇ, ಗೈಡೂ ಅವನೇ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದಾಗಿದ್ದರಿಂದ ನಮಗಿಬ್ಬರಿಗೂ ಬೇಗ ಸ್ನೇಹವಾಯಿತು. ಆದರೆ ಪದ್ಮಮ್ಮ ಆ ದಿನ ತಣ್ಣೀರಿನಲ್ಲಿ ಇನ್ನೊಮ್ಮೆ ಸ್ನಾನ ಮಾಡಿ, ಹಲ್ಲು ಕಟಕಟ ಎನ್ನಿಸುತ್ತ ಊಟಕ್ಕೆ ಬಂದರು.

ಎರಡನೆಯ ದಿನ ನಾನು ಕಾರ್ಯಾಚರಣೆ ಶುರು ಮಾಡಿದೆ. ಉದ್ದು ನೆನೆಸಿ, ಜೊತೆಗೆ ತಂದಿದ್ದ ಮಿಕ್ಸಿಯಲ್ಲಿ ರುಬ್ಬಿ, ಅಕ್ಕಿ ತರಿ ಬೆರೆಸಿ, ಸ್ಟೀಲ್ ಡಬ್ಬಿಗೆ ತುಂಬಿ ನನ್ನ ಕೋಣೆಯ ಹೀಟರಿನ ಪಕ್ಕ ಇಟ್ಟೆ. ಮೇಲೆ ನನ್ನ ಶಾಲು ಹೊದಿಸಿದೆ. ಸಂಜೆ ಕೋಣೆ ಗುಡಿಸಲು ಬಂದ ಹೋಟೆಲಿನ ಹೆಂಗಸು ಶಾಲು ತೆಗೆದು ನೋಡಿದ್ದಾಳೆ. ಏನೋ ಬೆಳ್ಳಗೆ ಗುಳ್ಳೆ ಬಿಡುತ್ತಿದೆ. ಕೋಣೆಯೊಳಗೆ ಬಣ್ಣದ ಡಬ್ಬಿ ಇಡಬಾರದೆಂದು ಅದನ್ನು ಒಯ್ದು ಹಿಂದಿನ ಶೆಡ್ಡಿನಲ್ಲಿ, ಹಿಮ ತೆಗೆಯುವ ಸಲಿಕೆಗಳ ಪಕ್ಕದಲ್ಲಿ ಇಟ್ಟಿದ್ದಾಳೆ. ಬೆಳಿಗ್ಗೆ ಹುಡುಕಿ ತಂದಾಗ ಹಿಟ್ಟು ಕೊರೆಯುವಷ್ಟು ತಣ್ಣಗಾಗಿ, ಉಬ್ಬದೆ ಕೂತಿತ್ತು.

ಸವಿತಾ ಗಡಿಯಾರ ನೋಡಿದಳು. "ಭಟ್ರ, ಹತ್ತು ನಿಮಿಷ ಕೊಡ್ತೀನ್ರಿ."

"ಹತ್ತು ನಿಮಿಷದಲ್ಲಿ ಇಡ್ಲಿ ಆಗಲ್ಲ ಮೇಡಂ."

"ಉಪ್ಪಿಟ್ಟು ಆಗ್ತದಲ್ರಿ," ಎಂದು ಪ್ಯಾಕೆಟ್ಟುಗಳ ಪೆಟ್ಟಿಗೆ ತೆರೆದಳು.

ಇಪ್ಪತ್ತಾರು ಜನ ಎಂಟು ನಿಮಿಷ ಕಾದು ಉಪ್ಪಿಟ್ಟು ತಿಂದರು. ಪದ್ಮಮ್ಮ ಇನ್ನೊಂದು ಕೇಳಿ ಹಾಕಿಸಿಕೊಂಡರು. ನಾನು ಒಂದು ಚಮಚವನ್ನೂ ಮುಟ್ಟಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಇಡೀ ದಿನ ಐಸ್‌ಲ್ಯಾಂಡಿನ ನೆಲವನ್ನು ಬೈದುಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಹಿಟ್ಟಿನ ಡಬ್ಬಿ ಎಂಜಿನ್ನಿನ ಮೇಲಿನ ಬಿಸಿ ಜಾಗದಲ್ಲಿತ್ತು. ಅದು ಮನಸ್ಸಿಲ್ಲದ ಮನಸ್ಸಿನಿಂದ ಒಂದು ಬೆರಳು ಉಬ್ಬಿತು.

ಆ ದಿನ ಬಸ್ಸು ಉತ್ತರಕ್ಕೆ ಹೊರಟಿತ್ತು. ಕಿಟಕಿಯಾಚೆ ಗಂಟೆಗಟ್ಟಲೆ ಕರೀ ನೆಲ. ಯಾವುದೋ ಕಾಲದಲ್ಲಿ ಬೆಟ್ಟದ ಬಾಯಿಂದ ಹರಿದ ಬೆಂಕಿ ಹಾಗೇ ಗಟ್ಟಿಯಾಗಿ, ತಳ ಹಿಡಿದು ಸೀದ ಪಾತ್ರೆಯ ಹಾಗೆ ಬಿದ್ದುಕೊಂಡಿತ್ತು. ಜನ ಇಳಿದು ಇಳಿದು ಫೋಟೋ ತೆಗೆದರು. ನಾನು ಡಬ್ಬಿ ಬಿಟ್ಟು ಇಳಿಯಲಿಲ್ಲ. ನನ್ನ ಮುಖ ನೋಡಿ ಯೋನ್ ಕಾರಣ ಕೇಳಿದ. ಹಿಟ್ಟು, ಚಳಿ, ಬಿಸಿ ಬೇಕು ಎಂದು ಕೈಯಲ್ಲೂ ಬಾಯಲ್ಲೂ ವಿವರಿಸಿದೆ. ಅವನ ಮುಖ ಅರಳಿತು. ಇವತ್ತು ನಾವು ಉಳಿಯುವ ಸರೋವರದ ಊರಿನಲ್ಲಿ ನೆಲವೇ ಬಿಸಿಯಾಗಿದೆ, ನಮ್ಮಜ್ಜಿ ಅಲ್ಲೇ ಗುಂಡಿ ತೋಡಿ ರೊಟ್ಟಿಯ ಹಿಟ್ಟು ಇಡುತ್ತಿದ್ದಳು, ಬೆಳಿಗ್ಗೆ ತೆಗೆಯುತ್ತಿದ್ದಳು ಎಂದ.

ಹಿಟ್ಟು ಇಡುತ್ತಿದ್ದಳು ಎಂದ ಕೂಡಲೇ ನನಗೆ ಅರ್ಥವಾಯಿತು. ಅವರೂ ನಮ್ಮ ಹಾಗೆಯೇ ಹಿಟ್ಟನ್ನು ಬೆಚ್ಚಗಿಟ್ಟು ಉಬ್ಬಿಸುತ್ತಾರೆ! ಅಜ್ಜಿಯರೆಲ್ಲ ಎಲ್ಲ ಕಡೆಯೂ ಒಂದೇ ಎಂದು ಸಂತೋಷಪಟ್ಟೆ. ಉಬ್ಬಿಸಿ ಆಮೇಲೆ ಏನು ಮಾಡುತ್ತಿದ್ದಳು ಎಂದು ಕೇಳುವುದು ಬಿಟ್ಟೆ. ಹೊಸಬರೇ, ಕೇಳಿ. ಅಡುಗೆಯ ವಿಚಾರದಲ್ಲಿ ಎದುರಿನವನು ಅರ್ಧ ಹೇಳಿದಾಗ ಮಿಕ್ಕರ್ಧವನ್ನು ನೀವು ತುಂಬಿಕೊಳ್ಳಬೇಡಿ.

ಊರಿನಲ್ಲಿ, ಗೆಸ್ಟ್ ಹೌಸಿನ ಹಿಂದೆ, ಹಬೆಯಾಡುವ ಒಂದು ಬಯಲು. ಅಲ್ಲಲ್ಲಿ ಮಣ್ಣಿನ ಗುಪ್ಪೆಗಳು. ಒಂದೊಂದರ ಕೆಳಗೆ ಒಬ್ಬೊಬ್ಬರ ರೊಟ್ಟಿ ಪಾತ್ರೆ. ನಾವು ಒಂದು ಗುಂಡಿ ತೋಡಿ ಡಬ್ಬಿಯನ್ನು ಭದ್ರವಾಗಿ ಮುಚ್ಚಿ ಇಳಿಸಿದೆವು. ಹೊಸ ಒಲೆಗೆ ಪೂಜೆ ಮಾಡದೆ ಕೆಲಸ ಶುರು ಮಾಡುವವನಲ್ಲ ನಾನು. ಮಣ್ಣು ಮುಚ್ಚಿ ಮೇಲೆ ಅಕ್ಕಿಹಿಟ್ಟಿನಲ್ಲಿ ಪುಟ್ಟ ರಂಗೋಲಿ ಎಳೆದು, ಅರಿಸಿನ ಕುಂಕುಮ ಇಟ್ಟು ಕೈಮುಗಿದೆ. ಯೋನ್ ಗುರುತಿಗೆಂದು ಕಲ್ಲು ಇಡಲು ಬಂದ. "ಬೇಡಪ್ಪ, ರಂಗೋಲಿ ಇದೆಯಲ್ಲ," ಎಂದು ಸನ್ನೆ ಮಾಡಿದೆ. ಸವಿತಾಳ ಹತ್ತಿರ ಹೋಗಿ, "ನಾಳೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಇಡ್ಲಿ ಮೇಡಂ," ಎಂದು ಎದೆ ಉಬ್ಬಿಸಿ ಹೇಳಿದೆ.

"ಒಂಬತ್ತಕ್ಕ ಬಸ್ ಬಿಡಬೇಕ್ರಿ ಭಟ್ರ. ಹತ್ತಕ್ಕ ದೋಣಿ. ತಿಮಿಂಗಿಲದ್ದು. ನೆನಪಿರಲಿ."

ಮುಂಜಾನೆ ಏಳಕ್ಕೆ ಹೋಗಿ ನೋಡುತ್ತೇನೆ, ಸಣ್ಣ ಮಳೆ ಬಂದು ರಂಗೋಲಿ ಇಲ್ಲ, ಕುಂಕುಮ ಇಲ್ಲ. ಎಲ್ಲ ಗುಪ್ಪೆಗಳೂ ಒಂದೇ ಥರ. ನಾನೂ ಯೋನನೂ ಅಗೆಯತೊಡಗಿದೆವು. ಮೊದಲನೆಯದರಲ್ಲಿ ಯಾರದೋ ಕಪ್ಪು ರೊಟ್ಟಿ. ಮುಚ್ಚಿದೆವು. ಎರಡನೆಯದರಲ್ಲೂ ರೊಟ್ಟಿ, ಜೊತೆಗೆ ಅದರ ಒಡತಿ. ಆ ಮುದುಕಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅವಳು ಏನು ಅಂದಳೋ ಯೋನ್ ನನಗೆ ಅನುವಾದಿಸಿ ಹೇಳಲಿಲ್ಲ. ನಾಲ್ಕನೆಯ ಗುಂಡಿಯಲ್ಲಿ ನನ್ನ ಡಬ್ಬಿ ಸಿಕ್ಕಾಗ ಎಂಟೂಕಾಲು.

ಮುಚ್ಚಳ ತೆಗೆದೆ. ಹಿಟ್ಟು ಇರಲಿಲ್ಲ. ಒಂದು ಇಡ್ಲಿ ಇತ್ತು. ಒಂದೇ ಒಂದು. ಡಬ್ಬಿಯಷ್ಟೇ ಅಗಲ, ಡಬ್ಬಿಯಷ್ಟೇ ಎತ್ತರ. ಬೀಸುವ ಕಲ್ಲಿನ ಹಾಗೆ ಕೂತಿತ್ತು.

ಯೋನ್ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದ. ಆ ನೆಲ ಹಿಟ್ಟನ್ನು ಉಬ್ಬಿಸುವ ನೆಲವಲ್ಲ, ಬೇಯಿಸುವ ನೆಲ. ಅವನ ಅಜ್ಜಿ ಅಲ್ಲಿ ರೊಟ್ಟಿಯನ್ನು ಸುಡುತ್ತಿದ್ದಳು. ಇಪ್ಪತ್ತೆರಡು ವರ್ಷದ ಕೆಲಸ ಒಂದು ಕಡೆ, ಈ ಗುಂಡುಕಲ್ಲು ಒಂದು ಕಡೆ. ತಲೆ ಮೇಲೆ ಕೈ ಹೊತ್ತು ಕೂರೋಣವೆನ್ನಿಸಿತು, ಆದರೆ ಕೈ ತುಂಬ ಮಣ್ಣು.

ಇಬ್ಬರೂ ಅದನ್ನು ಹೊತ್ತು ಊಟದ ಕೋಣೆಗೆ ತಂದು ಮೇಜಿನ ಮೇಲೆ ಬೋರಲು ಹಾಕಿದೆವು. ಇಡೀ ಗುಂಪು ಎದ್ದು ಬಂದು ಮೇಜು ಸುತ್ತುವರಿಯಿತು. ಯಾರೋ ಒಬ್ಬರು, "ಗುರೂ, ಇದಕ್ಕೆ ಚಟ್ನಿ ಎಲ್ಲಿ ಹೂತಿದ್ದೀರಿ?" ಎಂದರು. ಆಮೇಲೆ ಎದ್ದ ನಗು ಬಹಳ ಹೊತ್ತು ನಿಲ್ಲಲೇ ಇಲ್ಲ.

ಚಾಕು ಹಾಕಿದರೆ ಇಡ್ಲಿ ಮುರಿಯುತ್ತಿತ್ತು. ಪದ್ಮಮ್ಮ ತಮ್ಮ ಚೀಲದಿಂದ ಹೊಲಿಗೆ ದಾರ ತೆಗೆದು, "ಒಂದ್ ತುದಿ ನೀವು ಹಿಡ್ಕೊಳ್ಳಿ," ಎಂದರು. ಇಬ್ಬರೂ ದಾರ ಎಳೆದು ಕೊಯ್ದೆವು. ತಳ ಇಟ್ಟಿಗೆ, ಸುತ್ತ ಕಂದು, ಆದರೆ ನಡುವಿನ ಭಾಗ ನಿಜಕ್ಕೂ ಹದವಾಗಿತ್ತು. ಇಡ್ಲಿಯೂ ಅಲ್ಲ, ಕಡುಬೂ ಅಲ್ಲ, ನೆಲದ ವಾಸನೆಯ ಏನೋ ಒಂದು. ತುಪ್ಪ, ಚಟ್ನಿಪುಡಿ ಹಾಕಿ ಬಡಿಸಿದೆ. ಜನ ಮೂರು ಮೂರು ಸಲ ಹಾಕಿಸಿಕೊಂಡರು. ಬೈದ ಮುದುಕಿಯೂ ಬಂದು ತಿಂದು, ತನ್ನ ರೊಟ್ಟಿಯನ್ನು ನಮಗೆ ಕೊಟ್ಟಳು. "ಸಖತ್ ಭಟ್ರೇ!" ಎಂದು ಎಲ್ಲರೂ ಇಡ್ಲಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನಾನು ಸೌಟು ಹಿಡಿದು ಮೇಜಿನಿಂದ ಮೇಜಿಗೆ ತಿರುಗುತ್ತ, "ಇನ್ನೊಂದ್ ಸ್ವಲ್ಪ? ನಾಚ್ಕೋಬೇಡಿ," ಎನ್ನುತ್ತಿದ್ದೆ. ಗೆದ್ದೆ ಎಂದುಕೊಂಡೆ. ಸವಿತಾ ನಾಲ್ಕು ಸಲ ಬಾಗಿಲಿಗೆ ಬಂದು, "ಬರ್ರಿ, ಬರ್ರಿ, ಟೈಮಾತು," ಎಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ಬಿದ್ದರೂ ಇನ್ನೊಂದು ಸುತ್ತು ತುಪ್ಪ ತೆಗೆದುಕೊಂಡು ಹೋದೆ.

ಬಸ್ಸು ಬಂದರು ಮುಟ್ಟಿದಾಗ ನಮ್ಮ ದೋಣಿ ಬಾಣದ ಹಾಗೆ ನೀರು ಸೀಳಿಕೊಂಡು ಹೊರಟಾಗಿತ್ತು. ದಡದಿಂದ ಅದರ ಬೆನ್ನು ಕಾಣುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸವಿತಾ ಟಿಕೆಟ್ ಕಿಟಕಿಯ ಕಡೆಗೆ ಓಡಿದಳು. ಇಡ್ಲಿ ತಿಂದವರು ಯಾರನ್ನು ಬೈಯಲಾದೀತು?

ಪದ್ಮಮ್ಮ ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡು ಸಮುದ್ರ ನೋಡುತ್ತಿದ್ದರು. ನಾನು ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು ಸಿಟ್ಟು ಮಾಡಲಿಲ್ಲ.

"ಇಡ್ಲಿ ಚೆನ್ನಾಗಿತ್ತು ಭಟ್ರೇ. ಆದ್ರೆ ಇಡ್ಲಿ ಗಿರಿನಗರದಲ್ಲೂ ಸಿಗುತ್ತೆ. ತಿಮಿಂಗಿಲ ಸಿಗಲ್ಲ."

ಮಾಲೀಕರ ಬೈಗುಳ, ಅಗ್ನಿಶಾಮಕದವರ ಬೈಗುಳ, ಮುದುಕಿಯ ಬೈಗುಳ ಎಲ್ಲ ಜೀರ್ಣವಾಗಿತ್ತು. ಇದು ಆಗಲಿಲ್ಲ. ಹಿಂದಿನ ಟೂರುಗಳೆಲ್ಲ ನೆನಪಾದವು. ನನ್ನ ಸಾರು ಕುದಿಯಲೆಂದು ಎಷ್ಟು ಜಲಪಾತಗಳ ಮುಂದಿನಿಂದ ಎಷ್ಟು ಬಸ್ಸುಗಳು ಬೇಗ ಹೊರಟಿದ್ದವೋ. ಜನ ನನ್ನ ಊಟ ಹೊಗಳಿ ಮನೆಗೆ ಹೋಗಿದ್ದರು, ಏನು ನೋಡಲಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು.

ಸವಿತಾ ಹೇಗೋ ಕಾಡಿ ಬೇಡಿ ಮರುದಿನ ಹನ್ನೊಂದರ ದೋಣಿಯಲ್ಲಿ ಜಾಗ ಗಿಟ್ಟಿಸಿದಳು. ಬಸ್ಸಿನಲ್ಲಿ ನನ್ನ ಪಕ್ಕ ನಿಂತು, "ಭಟ್ರ, ನಾಳೆ ಒಲಿ ಹಚ್ಚಂಗಿಲ್ರಿ. ಊಟ ಪ್ಯಾಕೆಟ್ಟ. ನೀವೂ ದೋಣಿ ಹತ್ರಿ," ಎಂದಳು.

"ನಾನ್ಯಾಕೆ ಮೇಡಂ?"

"ದಂಡಿ ಮ್ಯಾಲ ಕೂತು ಮತ್ತೇನರೆ ಹೂತೀರಿ ಅಂತ."

ಹಾಗೆ ನಾನು ಜೀವಮಾನದಲ್ಲಿ ಮೊದಲ ಸಲ ಗುಂಪಿನೊಳಗಿನ ಒಬ್ಬನಾದೆ. ಎಲ್ಲರಿಗೂ ಕೊಟ್ಟ ಹಾಗೆ ನನಗೂ ದಪ್ಪನೆಯ ಕೆಂಪು ಅಂಗಿ ಕೊಟ್ಟರು. ಕೈಯಲ್ಲಿ ಪಾತ್ರೆ ಇಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯದೆ ದೋಣಿಯ ಕಂಬಿ ಹಿಡಿದುಕೊಂಡೆ. ಹಿಂದೆ ಹಿಮದ ಬೆಟ್ಟಗಳು, ಮುಂದೆ ಬೂದು ನೀರು, ಮುಖಕ್ಕೆ ಹೊಡೆಯುವ ಗಾಳಿ. ಒಂದು ಗಂಟೆ ಏನೂ ಕಾಣಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ. ಆಗ ಪಕ್ಕದಲ್ಲೇ ನೀರು ಉಸಿರು ಬಿಟ್ಟಿತು. ಕರೀ ಬೆನ್ನೊಂದು ಎದ್ದಿತು, ಎದ್ದು ಮುಗಿಯುವಂತೆಯೇ ಕಾಣಲಿಲ್ಲ. ಕೊನೆಗೆ ಬಾಲವನ್ನು ಆಕಾಶಕ್ಕೆ ಎತ್ತಿ, ಸ್ವಲ್ಪವೂ ಸದ್ದು ಮಾಡದೆ ಒಳಗೆ ಹೋಯಿತು. ಪದ್ಮಮ್ಮ ಮೊಬೈಲ್ ಹಿಡಿದುಕೊಂಡೇ, "ಅಯ್ಯೋ ನನ್ನಪ್ಪ, ಅಯ್ಯೋ ನನ್ನಪ್ಪ," ಎನ್ನುತ್ತಿದ್ದರು. ವಿಡಿಯೋದಲ್ಲಿ ಆ ಮಾತೇ ಇದೆ, ತಿಮಿಂಗಿಲ ಅರ್ಧ ಇದೆ. ನನಗೆ ಅಳು ಬಂತು. ಯಾಕೆ ಎಂದು ಅವರು ಕೇಳಿದಾಗ ಗಾಳಿಗೆ ಎಂದೆ.

ದಡಕ್ಕೆ ಬಂದಾಗ ಎರಡೂವರೆ. ಮೂಳೆಯೊಳಗೆ ಚಳಿ. ಕಟ್ಟೆಯ ಮೇಲೆ ಎಲ್ಲರೂ ಸಾಲಾಗಿ ಕೂತರು. ಸವಿತಾ ಬಟ್ಟಲುಗಳಿಗೆ ಕುದಿನೀರು ಸುರಿಯುತ್ತ ಬಂದಳು. ನಾನು ಅಭ್ಯಾಸಬಲದಿಂದ ಬಡಿಸಲು ಎದ್ದೆ. ಪದ್ಮಮ್ಮ ನನ್ನ ತೋಳು ಹಿಡಿದು ಕೂರಿಸಿದರು.

"ಕೂತ್ಕೊಳ್ಳಿ ಭಟ್ರೇ. ಯಾವಾಗ್ಲೂ ನೀವು ಬಡಿಸೋದೇ ಆಯ್ತು." ಬಿಸಿಬೇಳೆಬಾತಿನ ಬಟ್ಟಲನ್ನು ನನ್ನ ಕೈಗಿಟ್ಟು, ತಮ್ಮ ಚೀಲದಿಂದ ಒಂದು ಹಪ್ಪಳದ ಚೂರನ್ನೂ ಮೇಲಿಟ್ಟರು.

ತಿಂದೆ. ತಲೆ ಎತ್ತದೆ ತಿಂದೆ. ಬಟ್ಟಲು ಬರಿದಾದಾಗ ನನ್ನ ಬಾಯಿಂದ ತಾನಾಗಿ ಮಾತು ಬಂತು. "ಇನ್ನೊಂದಿದೆಯಾ?"

ಕಟ್ಟೆಯ ಮೇಲೆ ನಗುವಿನ ಸ್ಫೋಟವಾಯಿತು. ಸವಿತಾ ಮಾತ್ರ ನಗಲಿಲ್ಲ. ಇನ್ನೊಂದು ಬಟ್ಟಲಿಗೆ ನೀರು ಹಾಕಿ, ಎಂಟು ನಿಮಿಷ ನನ್ನ ಪಕ್ಕದಲ್ಲೇ ನಿಂತಿದ್ದು ಕೊಟ್ಟಳು.

ಸಂಜೆ ಬಸ್ಸಿನಲ್ಲಿ ಬಂದು ಹತ್ತಿರ ಕೂತಳು. ಮೊಬೈಲಿನಲ್ಲಿ ರಿಪೋರ್ಟು ತೆರೆದಿತ್ತು.

"ಭಟ್ರ, ಇವತ್ತ ಕಳಿಸಬೇಕ್ರಿ. ಇಡ್ಲಿ ಎಲ್ಲಾರಿಗೂ ಸೇರೇತಿ ಅಂತ ಬರದೀನಿ. ದೋಣಿ ತಪ್ಪಿದ್ದು ನನ್ನ ತಪ್ಪು ಅಂತ ಹಾಕೀನಿ, ಟೈಮ್ ನೋಡೋದು ನನ್ನ ಕೆಲಸ. ಎರಡು ಪ್ಯಾಕೆಟ್ ನೀವು ತಿಂದಿದ್ದು ಬರೀಲೇನ್ರಿ?"

"ಬರೀರಿ ಮೇಡಂ," ಎಂದೆ. "ಮುಂದಿನ ಸಲ ಪ್ಯಾಕೆಟ್ಟೇ ಸಾಕು, ಜನ ತಿಮಿಂಗಿಲ ನೋಡ್ಲಿ ಅಂತ ಭಟ್ಟನೇ ಹೇಳ್ದ ಅಂತಾನೂ ಬರೀರಿ."